ಮಾಯದ ಗಾಯಕ್ಕೆ ಸ್ವಂತ ರಕ್ತದ ಲೇಪ: ಭರವಸೆ ಎಷ್ಟು, ಭ್ರಮೆ ಎಷ್ಟು?

ಮಧುಮೇಹಿಗಳ ಮಾಯದ ಗಾಯಕ್ಕೆ ಅವರದೇ ರಕ್ತದಿಂದ ತಯಾರಿಸಿದ ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ, ಅರ್ಥಾತ್ ಪಿಆರ್‌ಪಿ ಲೇಪಿಸುವ ಚಿಕಿತ್ಸೆಗೆ ಅಮೆರಿಕದ ಮೆಡಿಕೇರ್ ವಿಮೆ 2021ರ ಏಪ್ರಿಲ್‌ನಲ್ಲಿ 20 ವಾರಗಳ ಮಟ್ಟಿಗೆ ಮಾನ್ಯತೆ ನೀಡಿತು. ಪ್ಲೇಟ್‌ಲೆಟ್ ಆಧಾರಿತ ಮದ್ದಿಗೆ 1992ರಲ್ಲಿ ಹಣ ನಿರಾಕರಿಸಿದ್ದೂ ಇದೇ ವ್ಯವಸ್ಥೆ. 2012ರಲ್ಲಿ ಸಂಶೋಧನೆಗೆ ಒಳಪಟ್ಟ ರೋಗಿಗಳಿಗೆ ಮಾತ್ರ ಎಂದು ತುಸು ಸಡಿಲಿಸಿತ್ತು. ಸುಮಾರು ಮೂರು ದಶಕಗಳ ಈ ಹಿಂಜರಿಕೆ ಅಕಾರಣವಾದುದಲ್ಲ.

ರೋಗಿಯ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ಪ್ಲೇಟ್‌ಲೆಟ್ ದಟ್ಟವಾಗಿರುವ ದ್ರವ ಬೇರ್ಪಡುತ್ತದೆ. ಈ ಕಣಗಳು ಹೊರಸೂಸುವ ಬೆಳವಣಿಗೆಯ ಅಂಶಗಳು ಹೊಸ ರಕ್ತನಾಳ, ಹೊಸ ಅಂಗಾಂಶ ಮೂಡಲು ಪ್ರಚೋದನೆ ನೀಡುತ್ತವೆ. ತತ್ವ ಸರಳ, ಆದರೆ ಎಷ್ಟು ವೇಗ, ಎಷ್ಟು ನಿಮಿಷ, ಎಷ್ಟು ಸಾಂದ್ರತೆ ಎಂಬಲ್ಲಿ ಒಂದು ಪ್ರಯೋಗಕ್ಕೂ ಇನ್ನೊಂದಕ್ಕೂ ತಾಳೆಯಾಗದು. 2016ರ ಕಾಕ್ರೇನ್ ಪರಾಮರ್ಶೆ 442 ಜನರನ್ನೊಳಗೊಂಡ 10 ಪ್ರಯೋಗಗಳನ್ನು ಜಾಲಾಡಿ, ಮಧುಮೇಹಿಗಳ ಪಾದದ ಹುಣ್ಣಿಗೆ ಪ್ರಯೋಜನವಿರಬಹುದು, ಆದರೆ ಪುರಾವೆ ದುರ್ಬಲ ಎಂದಿತು.

ಬ್ರಿಟನ್, ಡೆನ್ಮಾರ್ಕ್, ಸ್ವೀಡನ್‌ಗಳ 32 ಕೇಂದ್ರಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕಿಂತ ಗಟ್ಟಿಯಾದುದು. ಅಲ್ಲಿ ಬಳಸಿದ್ದು ಪಿಆರ್‌ಪಿಯ ಹತ್ತಿರದ ನಂಟು: ಬಿಳಿ ಕಣ, ಪ್ಲೇಟ್‌ಲೆಟ್, ಫೈಬ್ರಿನ್ ಸೇರಿದ ತೇಪೆ. 20 ವಾರಗಳಲ್ಲಿ ತೇಪೆ ಹಾಕಿಸಿಕೊಂಡವರಲ್ಲಿ ಶೇ. 34 ಮಂದಿಯ ಹುಣ್ಣು ಮಾಯಿತು. ಸಾಮಾನ್ಯ ಆರೈಕೆ ಪಡೆದವರಲ್ಲಿ ಶೇ. 22. ಲಾಭ ನಿಜ. ಆದರೆ ತೇಪೆ ಹಾಕಿದ ಮೇಲೂ ಮೂವರಲ್ಲಿ ಇಬ್ಬರ ಗಾಯ ಹಾಗೆಯೇ ಉಳಿಯಿತೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ 2021ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ನಮ್ಮ ನಗರಗಳಲ್ಲಿ ಪಿಆರ್‌ಪಿ ಫಲಕಗಳು ಹೆಚ್ಚಾಗಿ ಕಾಣಸಿಗುವುದು ಕೂದಲು ಚಿಕಿತ್ಸೆಯ ಕ್ಲಿನಿಕ್‌ಗಳ ಮುಂದೆ. ಕಾಲು ಕಳೆದುಕೊಳ್ಳುವ ಭೀತಿಯಲ್ಲಿರುವವನ ಪಾಲಿಗೆ ಅದು ದೂರದ ಮಾತು. ಸೆಂಟ್ರಿಫ್ಯೂಜ್ ಅಪರೂಪದ ಯಂತ್ರವೇನಲ್ಲ, ಸಾಮಾನ್ಯ ರಕ್ತ ಪರೀಕ್ಷಾಲಯದಲ್ಲೂ ಇರುತ್ತದೆ. ಕೊರತೆ ಬೇರೆಡೆ ಇದೆ. ಕೊಳೆತ ಭಾಗ ತೆಗೆಯದೆ, ರಕ್ತಸಂಚಾರ ಪರೀಕ್ಷಿಸದೆ, ಸಕ್ಕರೆ ಹತೋಟಿಗೆ ತರದೆ, ಎಲ್ಲಕ್ಕಿಂತ ಮಿಗಿಲಾಗಿ ಹುಣ್ಣಿನ ಮೇಲೆ ಬೀಳುವ ದೇಹಭಾರ ತಪ್ಪಿಸದೆ ಹಚ್ಚಿದ ಲೇಪ ನಿಷ್ಫಲ. ಮರಗಟ್ಟಿದ ಪಾದದಲ್ಲಿ ದಿನವಿಡೀ ಹೊಲದಲ್ಲಿ ನಿಲ್ಲುವ ರೈತನಿಗೆ ನೋವೇ ತಿಳಿಯದು. ನೋವು ತಿಳಿಯದವನು ಕಾಲಿಗೆ ವಿಶ್ರಾಂತಿ ಕೊಡುವುದಾದರೂ ಹೇಗೆ?

ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳಿಗೆ ಮೆದು ರಬ್ಬರಿನ ಎಂಸಿಆರ್ ಚಪ್ಪಲಿಯನ್ನು ಉಚಿತವಾಗಿ ನೀಡುವ ಪದ್ಧತಿಯಿದೆ. ಪಿಆರ್‌ಪಿಗೆ ಹಣ ತೆಗೆದಿಡುವ ಮುನ್ನ ಆರೋಗ್ಯ ಇಲಾಖೆ ಅಂಥದೇ ಪಾದರಕ್ಷೆಯನ್ನು ಮರಗಟ್ಟಿದ ಕಾಲಿನ ಮಧುಮೇಹಿಗಳಿಗೂ ತಲುಪಿಸಲಿ.