ಕ್ರೈಸ್ತ ವಿವಾಹ ಮತ್ತು ಜೀವನಾಂಶದ ಹಕ್ಕು

ವಿವಾಹವು ಪವಿತ್ರ ಸಂಸ್ಕಾರವೆಂದೂ ಮರಣಪರ್ಯಂತ ಬಿಡಲಾರದ ಬಂಧನವೆಂದೂ ಧರ್ಮಸಭೆಯು ಬೋಧಿಸುತ್ತದೆ. ಈ ಬೋಧನೆಯಲ್ಲಿ ದೃಢ ವಿಶ್ವಾಸವುಳ್ಳ ಮನೆಗಳಲ್ಲಿಯೂ ದಾಂಪತ್ಯವು ಮುರಿದುಬೀಳುವುದುಂಟು. ಆಗ ಗಂಡನಿಂದ ದೂರವಾದ ಸ್ತ್ರೀಯು ಮಕ್ಕಳನ್ನು ಕಟ್ಟಿಕೊಂಡು ತವರಿನಲ್ಲಿ ದಿನ ನೂಕುತ್ತಾಳೆಯೇ ಹೊರತು ನ್ಯಾಯಾಲಯದ ಮೆಟ್ಟಿಲನ್ನು ಹತ್ತಲು ಹಿಂಜರಿಯುತ್ತಾಳೆ. ಜೀವನಾಂಶ ಕೇಳಿದರೆ ವಿಚ್ಛೇದನ ಕೇಳಿದಂತೆ, ವಿಚ್ಛೇದನ ಕೇಳಿದರೆ ಪರಮಪ್ರಸಾದದಿಂದ ವಂಚಿತಳಾದಂತೆ ಎಂಬ ಭಯ ಆಕೆಯನ್ನು ತಡೆಯುತ್ತದೆ. ಈ ಭಯಕ್ಕೆ ಕಾನೂನಿನಲ್ಲಾಗಲಿ ಧರ್ಮಸಭೆಯ ಬೋಧನೆಯಲ್ಲಾಗಲಿ ಆಧಾರವಿಲ್ಲ.

ಭಾರತದ ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯು 1869ರಷ್ಟು ಹಳೆಯದು. ದಾವೆ ನಡೆಯುತ್ತಿರುವಾಗ ಹೆಂಡತಿಗೆ ದೊರೆಯುವ ಮಧ್ಯಂತರ ಜೀವನಾಂಶವು ಗಂಡನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಆದಾಯದ ಐದನೆಯ ಒಂದು ಭಾಗವನ್ನು ಮೀರಕೂಡದೆಂದು ಅದರ 36ನೇ ಕಲಮು ಹೇಳುತ್ತಿತ್ತು. ನೂರಮೂವತ್ತಕ್ಕೂ ಹೆಚ್ಚು ವರ್ಷ ಉಳಿದಿದ್ದ ಈ ಮಿತಿಯನ್ನು ಸಂಸತ್ತು 2001ರಲ್ಲಿ ತೆಗೆದುಹಾಕಿತು. ದಾವೆಯ ಖರ್ಚನ್ನೂ ಗಂಡನಿಂದ ಕೇಳಲು ಈಗ ಅವಕಾಶವಿದೆ. ನೋಟೀಸು ತಲುಪಿದ 60 ದಿನಗಳೊಳಗೆ, ಸಾಧ್ಯವಾದಮಟ್ಟಿಗೆ, ಅರ್ಜಿಯನ್ನು ಇತ್ಯರ್ಥಪಡಿಸಬೇಕು.

ಶಾಶ್ವತ ಜೀವನಾಂಶದ ವಿಷಯ 37ನೇ ಕಲಮಿನಲ್ಲಿದೆ. ಹೆಂಡತಿಯ ಸ್ವಂತ ಆಸ್ತಿ, ಗಂಡನ ಸಾಮರ್ಥ್ಯ, ಇಬ್ಬರ ನಡತೆ ಇವುಗಳನ್ನು ಪರಿಗಣಿಸಿ ಒಟ್ಟು ಮೊತ್ತವನ್ನೋ ವಾರ್ಷಿಕ ಅಥವಾ ಮಾಸಿಕ ಮೊತ್ತವನ್ನೋ ನ್ಯಾಯಾಲಯವು ಗೊತ್ತುಪಡಿಸಬಹುದು. ಇಲ್ಲಿ ಕಥೋಲಿಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಹಕ್ಕು ವಿಚ್ಛೇದನದ ಡಿಕ್ರಿ ಪಡೆದ ಹೆಂಡತಿಗೆ ಮಾತ್ರವಲ್ಲ, ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿ ಪಡೆದವಳಿಗೂ ಉಂಟು. ವ್ಯಭಿಚಾರ, ಕ್ರೌರ್ಯ, ಅಥವಾ ಎರಡು ವರ್ಷಗಳ ಪರಿತ್ಯಾಗದ ಆಧಾರದ ಮೇಲೆ ಈ ಪ್ರತ್ಯೇಕತೆಯನ್ನು ಕೇಳಬಹುದು. ಅದರಲ್ಲಿ ವಿವಾಹಬಂಧನ ಕಡಿದುಹೋಗುವುದಿಲ್ಲ. ಒಂದೇ ಸೂರಿನಡಿ ಬಾಳುವ ಹೊಣೆ ಮಾತ್ರ ಇಲ್ಲವಾಗುತ್ತದೆ. ತನ್ನ ವಚನಕ್ಕೆ ನಿಷ್ಠಳಾಗಿರಬಯಸುವ ಸ್ತ್ರೀಗೆ ಇದು ಅನುಕೂಲವಾದ ಮಾರ್ಗ.

ಇನ್ನು ಧರ್ಮಸಭೆಯ ನಿಲುವು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು, ನ್ಯಾಯವಾದ ಹಕ್ಕುಗಳನ್ನು ಅಥವಾ ಮಕ್ಕಳ ಪೋಷಣೆಯನ್ನು ಕಾಪಾಡಲು ಬೇರೆ ದಾರಿಯೇ ಇಲ್ಲದಾಗ ನಾಗರಿಕ ವಿಚ್ಛೇದನವನ್ನು ಸಹಿಸಿಕೊಳ್ಳಬಹುದೆಂದೂ ಅದು ಪಾಪವಾಗದೆಂದೂ ತಿಳಿಸುತ್ತದೆ. ಸಂಸ್ಕಾರಗಳಿಗೆ ಅಡ್ಡಿಯಾಗುವ ಪ್ರಶ್ನೆ ಏಳುವುದು ಮರುಮದುವೆಯ ಸಂದರ್ಭದಲ್ಲಿ. ಅನ್ನ ಬಟ್ಟೆ ಕೇಳಿದ್ದಕ್ಕಲ್ಲ.

ಮತ್ತೊಂದು ತಪ್ಪುಕಲ್ಪನೆ ಗಂಡಸರಲ್ಲಿದೆ. ಧರ್ಮಕ್ಷೇತ್ರದ ನ್ಯಾಯಮಂಡಳಿಯಿಂದ ವಿವಾಹ ಅಸಿಂಧುವೆಂಬ ತೀರ್ಪು ಬಂದೊಡನೆ ಎಲ್ಲ ಋಣವೂ ಹರಿಯಿತೆಂದು ತಿಳಿಯುವವರಿದ್ದಾರೆ. ಮಾಲಿ ಜೋಸೆಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿಯೇ ಇದನ್ನು ತಳ್ಳಿಹಾಕಿತ್ತು. ಅಂತಹ ತೀರ್ಪುಗಳಿಗೆ ನಾಗರಿಕ ಮಾನ್ಯತೆ ಬೇಕೆಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ 2017ರ ಜನವರಿಯಲ್ಲಿ ವಜಾ ಆಯಿತು. ಆದುದರಿಂದ ನಾಗರಿಕ ನ್ಯಾಯಾಲಯದ ಡಿಕ್ರಿ ಇಲ್ಲದವರೆಗೆ ಗಂಡನು ಕಾನೂನಿನ ಕಣ್ಣಿನಲ್ಲಿ ಗಂಡನೇ. ಜೀವನಾಂಶದ ಹೊಣೆ ಅವನ ಮೇಲಿದ್ದೇ ಇರುತ್ತದೆ, ಮರುಮದುವೆಯಾದರೆ ದ್ವಿಪತ್ನಿತ್ವದ ಅಪರಾಧವೂ ಸೇರುತ್ತದೆ. ಧರ್ಮಸಭೆಯ ಕಾನೂನು ಸಹ ಅವನನ್ನು ಬಿಡುಗಡೆ ಮಾಡಿಲ್ಲ. ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಸರಳಗೊಳಿಸಿದ ವಿಚಾರಣಾಕ್ರಮದಲ್ಲಿಯೂ, ಪರಸ್ಪರರ ಹಾಗೂ ಮಕ್ಕಳ ಪೋಷಣೆಯ ಹೊಣೆಯನ್ನು ತೀರ್ಪಿನಲ್ಲಿಯೇ ನೆನಪಿಸಬೇಕೆಂಬ ನಿಯಮ ಉಳಿದಿದೆ.

ವಿಚ್ಛೇದನ, ಪ್ರತ್ಯೇಕತೆ ಯಾವುದನ್ನೂ ಬಯಸದವರಿಗೆ ಇನ್ನೊಂದು ಹಾದಿಯಿದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ತನ್ನನ್ನು ಪೋಷಿಸಿಕೊಳ್ಳಲಾರದ ಹೆಂಡತಿ, ಅಪ್ರಾಪ್ತ ಮಕ್ಕಳು, ವೃದ್ಧ ತಂದೆತಾಯಿಗಳು ಇದರಡಿ ಮಾಸಿಕ ಜೀವನಾಂಶ ಕೇಳಬಹುದು. ತಿಂಗಳಿಗೆ 500 ರೂಪಾಯಿಯೆಂಬ ಹಳೆಯ ಮಿತಿಯೂ 2001ರಲ್ಲಿ ರದ್ದಾಯಿತು. ಗಂಡನು ದುಡಿಮೆಗೆಂದು ಗೋವೆಗೋ ಪುಣೆಗೋ ಹೋಗಿ ನೆಲೆಸಿದ್ದರೂ, ತಾಂಬಾದಲ್ಲಿ ವಾಸಿಸುವ ಹೆಂಡತಿಯು ತನ್ನ ವಾಸಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಆದೇಶವಾದ ಮೇಲೂ ಹಣ ಕೊಡದವನಿಗೆ ಪ್ರತಿ ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಆದರೆ ಬಾಕಿಯಾದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಸಲ್ಲಿಸುವುದನ್ನು ಮರೆಯಬಾರದು.

ಮೊತ್ತವನ್ನು ನಿರ್ಧರಿಸುವುದು ಹೇಗೆ? ಸಂಬಳದ ಚೀಟಿಯಿಲ್ಲದ ನಮ್ಮ ಸೀಮೆಯಲ್ಲಿ ಇದು ಕಠಿಣ ಪ್ರಶ್ನೆ. ನಿಂಬೆ ತೋಟದ ಒಡೆಯನು ಸಹ ತನಗೆ ಆದಾಯವೇ ಇಲ್ಲವೆಂದು ಹೇಳಿಬಿಡಬಹುದು. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ನವೆಂಬರ್ 4ರಂದು ಇದಕ್ಕೆ ಪರಿಹಾರ ಸೂಚಿಸಿತು. ಇಬ್ಬರೂ ತಮ್ಮ ಆಸ್ತಿ ಹಾಗೂ ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಕೃಷಿಕರಿಗಾಗಿಯೇ ಪ್ರತ್ಯೇಕ ನಮೂನೆಯಿದೆ: ಜಮೀನಿನ ವಿಸ್ತೀರ್ಣ, ಒಡೆತನದ ದಾಖಲೆ, ನೀರಾವರಿಯೋ ಒಣಭೂಮಿಯೋ, ಆ ವರ್ಷದ ಬೆಳೆ, ದನಕರು, ಸಾಲ ಎಲ್ಲವನ್ನೂ ಅದರಲ್ಲಿ ತೋರಿಸಬೇಕು. ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗುತ್ತದೆ. ಪಹಣಿ, ಬ್ಯಾಂಕ್ ಪುಸ್ತಕ, ಮಕ್ಕಳ ಶಾಲೆಯ ರಸೀದಿ ಇವುಗಳ ಪ್ರತಿಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು ಜಾಣತನ.

ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. ಮೊದಲನೆಯದು, ಹಿರಿಯರು ಕೂಡಿ ಬರೆಸುವ ಕಾಗದ. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿರುವ ಹೆಂಡತಿಗೆ 144ನೇ ಕಲಮಿನಡಿ ಜೀವನಾಂಶವಿಲ್ಲ. ಗಂಡನ ಹಿಂಸೆಯಿಂದ ಮನೆ ಬಿಟ್ಟವಳು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ತನ್ನ ಹಕ್ಕನ್ನು ತಾನೇ ಸಂಶಯಕ್ಕೆ ಒಡ್ಡಿದಂತೆ. ಆದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಪಡೆದು ಮರುಮದುವೆಯಾಗದವಳಿಗೆ ಈ ತಡೆ ಇಲ್ಲವೆಂದು ವನಮಾಲಾ ಪ್ರಕರಣದಲ್ಲಿ 1995ರಲ್ಲಿ ತೀರ್ಮಾನವಾಗಿದೆ. ಎರಡನೆಯದು, ಅರ್ಜಿಯ ಸ್ವರೂಪ. 37ನೇ ಕಲಮು ವಿಚ್ಛೇದನ ಮತ್ತು ಪ್ರತ್ಯೇಕತೆಗಳನ್ನು ಹೆಸರಿಸುತ್ತದೆ, ಅಸಿಂಧುತ್ವದ ಡಿಕ್ರಿಯನ್ನು ಹೆಸರಿಸುವುದಿಲ್ಲ. ಯಾವ ಅರ್ಜಿಗೆ ಸಹಿ ಹಾಕುತ್ತಿದ್ದೇವೆಂಬುದನ್ನು ವಕೀಲರಿಂದ ತಿಳಿದುಕೊಂಡೇ ಮುಂದುವರಿಯಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಸ್ತ್ರೀಯೂ ಉಚಿತ ಕಾನೂನು ನೆರವಿಗೆ ಅರ್ಹಳು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಬರೆದುಕೊಟ್ಟರೆ ಸಾಕು.

ನೊಂದ ದಂಪತಿಗಳನ್ನು ಕೂಡಿಸಲು ವಿಚಾರಣಾ ಗುರುಗಳೂ ಹಿರಿಯರೂ ಮಾಡುವ ಪ್ರಯತ್ನ ಸ್ತುತ್ಯರ್ಹ. ಆದರೆ ಸಂಧಾನ ನಡೆದಷ್ಟು ಕಾಲ ಮಕ್ಕಳ ಊಟ, ಶಾಲೆಯ ಖರ್ಚು ನಿಲ್ಲುವುದಿಲ್ಲ. ಸಂಧಾನದ ಮೊದಲ ದಿನವೇ ಆ ಖರ್ಚಿನ ಮಾತನ್ನು ಎತ್ತಿ, ಗಂಡನಿಂದ ತಿಂಗಳ ಹಣವನ್ನು ಕೊಡಿಸುವ ಏರ್ಪಾಡನ್ನು ನಮ್ಮ ಪ್ರತಿಯೊಂದು ಧರ್ಮಕೇಂದ್ರವೂ ಮಾಡಬೇಕು. ಅದಕ್ಕೆ ಅವನು ಒಪ್ಪದಿದ್ದಲ್ಲಿ, ಆ ಸ್ತ್ರೀಯ ಜೊತೆಗೆ ನ್ಯಾಯಾಲಯದವರೆಗೆ ನಡೆದುಹೋಗುವುದು ಸಹ ಕ್ರೈಸ್ತ ಪ್ರೀತಿಯ ಕಾರ್ಯವೇ ಆಗಿದೆ.