ಕಲಬುರಗಿ–ಮಂಗಳೂರು ನೇರ ವಿಮಾನ ಸಂಚಾರ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಕಲಬುರಗಿ ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವೆ ನೇರ ಸಂಚಾರ ಆರಂಭಿಸುವ ಬಗ್ಗೆ.

ಮಾನ್ಯರೇ,

ನಕಾಶೆಯ ಮೇಲೆ ಕಲಬುರಗಿಯಿಂದ ಮಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 530 ಕಿ.ಮೀ. ಎಪ್ಪತ್ತು ಆಸನಗಳ ಎಟಿಆರ್ ವಿಮಾನಕ್ಕೆ ಏರಿಳಿಯುವ ಹೊತ್ತೂ ಸೇರಿ ಇದು ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಅದೇ ಬೆಂಗಳೂರು ಸುತ್ತಿ ಹೋದರೆ 770 ಕಿ.ಮೀ. ಆಗುತ್ತದೆ. ಈ ಹೆಚ್ಚಿನ 240 ಕಿ.ಮೀ. ನಮಗೆ ದೊಡ್ಡದಲ್ಲ. ಹಣ್ಣು ಮಾಡುವುದು ನಡುವಿನ ಕಾಯುವಿಕೆ. ಮೊದಲ ವಿಮಾನ ತಡವಾಯಿತೆಂದರೆ ಎರಡನೆಯದು ಹೋಯಿತು, ಕೊಟ್ಟ ದುಡ್ಡೂ ಹೋಯಿತು.

ಉಳಿದದ್ದು ರಸ್ತೆ. ಸುಮಾರು 650 ಕಿ.ಮೀ. ದಾರಿಯಲ್ಲಿ ಸಂಜೆ ಬಸ್ಸು ಹತ್ತಿದವರು ಊರು ಕಾಣುವುದು ಮಾರನೆಯ ದಿನ. ಮಳೆಗಾಲದಲ್ಲಿ ಘಟ್ಟ ಕುಸಿದರೆ ಆ ಲೆಕ್ಕವೂ ಇಲ್ಲ. ಹೀಗೆ ಹೋಗುವವರಲ್ಲಿ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಹೊರಟ ರೋಗಿಗಳಿದ್ದಾರೆ. ಕರಾವಳಿಯ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಿದ್ದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ರಾತ್ರಿಯಿಡೀ ಕೂರಿಸಿಕೊಂಡು ಹೋಗುವ ಕಷ್ಟವನ್ನು ತಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ತೊಗರಿಗೆ ವಿಮಾನ ಬೇಡ, ಲಾರಿ ಸಾಕು. ನಾವು ಕೇಳುತ್ತಿರುವುದು ಮನುಷ್ಯರಿಗಾಗಿ.

2019ರ ನವೆಂಬರ್ 22ರಂದು ಉದ್ಘಾಟನೆಯಾದ ಕಲಬುರಗಿ ನಿಲ್ದಾಣದ ರನ್‌ವೇ 3 ಕಿ.ಮೀ.ಗೂ ಉದ್ದವಿದೆ. ಮಂಗಳೂರಿನ ಬಜಪೆಯ ಗುಡ್ಡದ ಮೇಲಿನ ನಿಲ್ದಾಣಕ್ಕೆ 1951ರಿಂದ ವಿಮಾನಗಳು ಬರುತ್ತಿವೆ. ಎರಡೂ ಕಡೆ ಎಟಿಆರ್ ಇಳಿಯಲು ಅಡ್ಡಿಯಿಲ್ಲ. ಕೊರತೆ ಇರುವುದು ಮೊದಲ ಕೆಲವು ವರ್ಷಗಳ ನಷ್ಟ ಹೊರುವವರದ್ದು.

ಅದಕ್ಕೆಂದೇ 2016ರಲ್ಲಿ ಉಡಾನ್ ಯೋಜನೆ ಬಂತು. ಅದರಲ್ಲಿ ಒಂದಷ್ಟು ಆಸನಗಳ ದರಕ್ಕೆ ಮಿತಿಯಿದ್ದು, ಆ ಮಿತಿಯೂ ಸಹಾಯಧನವೂ ಮಾರ್ಗದ ದೂರದ ಮೇಲೆ ನಿಗದಿಯಾಗುತ್ತವೆ. ಸಹಾಯಧನದಲ್ಲಿ ರಾಜ್ಯದ ಪಾಲು ಶೇ. 20. ಆದರೆ ನೆರವು ಮೂರೇ ವರ್ಷ. ಗಿಡ ಬೇರೂರುವ ಮೊದಲೇ ನೀರು ನಿಂತಂತಾಗುತ್ತದೆ. ಆದ್ದರಿಂದ ಈ ಮಾರ್ಗವನ್ನು ಉಡಾನ್‌ಗೆ ಸೇರಿಸಲು ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಬೇಕು ಮತ್ತು ಮೂರು ವರ್ಷದ ನಂತರವೂ ಇನ್ನೆರಡು ವರ್ಷ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಕೊರತೆ ತುಂಬಿಕೊಡಬೇಕು. ಸಂವಿಧಾನದ 371(ಜೆ) ವಿಧಿ ನಮಗೆ ಸಿಕ್ಕಿದ್ದು ಇಂಥ ಕೊರತೆ ನೀಗಲೆಂದೇ.

ವೇಳಾಪಟ್ಟಿಯ ಬಗ್ಗೆ ಒಂದು ಮಾತು. ಮಧ್ಯಾಹ್ನ ಮಂಗಳೂರು ಮುಟ್ಟಿದರೆ ಹೊರರೋಗಿಗಳ ಚೀಟಿ ಸಿಗುವುದಿಲ್ಲ, ಲಾಡ್ಜ್ ಬಾಡಿಗೆ ತಪ್ಪುವುದಿಲ್ಲ. ಬೆಳಿಗ್ಗೆ ಎಂಟರ ಸುಮಾರಿಗೆ ಕಲಬುರಗಿ ಬಿಟ್ಟರೆ ಒಳ್ಳೆಯದು. ಜೂನ್‌ನಿಂದ ಆಗಸ್ಟ್‌ವರೆಗೆ ಬಜಪೆಯಲ್ಲಿ ಬೆಳಗಿನ ಮೋಡ ಕವಿಯುವುದರಿಂದ, ಆ ಮೂರು ತಿಂಗಳು ಎರಡು ಗಂಟೆ ತಡವಾಗಿ ಹೊರಡಲಿ. ಮೊದಲಿಗೆ ವಾರಕ್ಕೆ ಮೂರು ದಿನ ಸಾಕು, ಆದರೆ ಆ ಮೂರು ದಿನ ತಪ್ಪಬಾರದು.

ಕಲಬುರಗಿ ನಿಲ್ದಾಣ ಸೇಡಂ ರಸ್ತೆಯಲ್ಲಿ ಊರ ಹೊರಗಿದೆ. ಆಟೋದವರು ಕೇಳಿದ ದರಕ್ಕೆ ತಲೆಯಾಡಿಸುವ ಬದಲು, ವಿಮಾನದ ಹೊತ್ತಿಗೆ ಕೇಂದ್ರ ಬಸ್ ನಿಲ್ದಾಣದಿಂದ ಒಂದು ಸಾರಿಗೆ ಬಸ್ಸು ಬಿಡಿಸಬೇಕು.

ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು 60 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಲಬುರಗಿ ಜಿಲ್ಲೆಯ ಪ್ರಯಾಣಿಕರು ಹಾಗೂ ಪಾಲಕರು

ಪ್ರತಿ: ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ