ಹರಕು ಪುಸ್ತಕವೆನ್ನಬೇಡಿರಿ

ಅಕ್ಕನ ಪಾಠಪುಸ್ತಕವು ತಂಗಿಗೂ, ತಂಗಿಯದು ನೆರೆಮನೆಯ ಬಾಲಿಕೆಗೂ ಸಾಗಿಬರುತ್ತಿದ್ದ ಮನೆಗಳಲ್ಲಿ ಬೆಳೆದವರು ನಾವು. ಅಂಥ ಪುಸ್ತಕವನ್ನು ತರಗತಿಯಲ್ಲಿ ತೆರೆದೊಡನೆ, "ಇದೇನು, ಹರಕು ಪುಸ್ತಕ!" ಎಂಬ ಮಾತು ಪಕ್ಕದ ಬೆಂಚಿನಿಂದ ಕೇಳಿಬರುತ್ತಿತ್ತು. ಹರಿದ ಹಾಳೆ ಅದರಲ್ಲಿ ಒಂದೂ ಇರಲಿಲ್ಲ. ರಟ್ಟು ಮಾಸಿತ್ತು, ಮೂಲೆಗಳು ಮುದುರಿದ್ದವು, ಅಷ್ಟೆ. ಆದರೂ ಆ ಒಂದು ಮಾತಿಗೆ ನಾವು ತಲೆತಗ್ಗಿಸಿದೆವು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ನಂಬುತ್ತೇವೆ.

ನಮ್ಮ ನುಡಿಯಲ್ಲಿ ಶಬ್ದಗಳಿಗೇನೂ ಕೊರತೆಯಿಲ್ಲ. ಹಲವು ಕೈಗಳು ಮುಟ್ಟಿದುದು ಮಾಸಿದ ಪುಸ್ತಕ. ಓದಿ ಓದಿ ಅಂಚು ತೆಳುವಾದುದು ಸವೆದ ಪುಸ್ತಕ. ದಾರ ಸಡಿಲಿದುದು ಹೊಲಿಗೆ ಬಿಚ್ಚಿದುದು. ಮುಟ್ಟಿದರೆ ಪುಡಿಯಾಗುವುದು ಜೀರ್ಣವಾದುದು. ಓಲೆಗರಿಗಳನ್ನು ಪರಿಶೋಧಿಸುವ ಪಂಡಿತರು ಮುರಿದುಹೋದುದನ್ನು ತ್ರುಟಿತವೆಂದೂ, ಪಾಠವೇ ಬಿಟ್ಟುಹೋದೆಡೆಯನ್ನು ಗ್ರಂಥಪಾತವೆಂದೂ ಬೇರೆ ಬೇರೆಯಾಗಿ ಗುರುತಿಸುವರು. ಮಡಿಸಿದ ಮೂಲೆಗೆ ಆಂಗ್ಲರು ನಾಯಿಕಿವಿಯೆಂದೂ, ಜರ್ಮನರು ಕತ್ತೆಕಿವಿಯೆಂದೂ ಹೆಸರಿಟ್ಟಿರುವರು. ನಮಗೆ ಯಾವ ಪ್ರಾಣಿಯ ಕಿವಿಯೂ ಬೇಕಿಲ್ಲ. ಓದುವವಳು ಗುರುತಿಗಾಗಿ ಬಾಗಿಸಿದುದನ್ನು 'ಮಡಿಸಿದ ಮೂಲೆ' ಎಂದೂ, ಚೀಲದಲ್ಲಿ ತುರುಕಿದುದರಿಂದ ತಾನಾಗಿ ಸುರುಳಿಕೊಂಡುದನ್ನು 'ಮುದುರಿದ ಮೂಲೆ' ಎಂದೂ ಕರೆದರೆ ಸಾಕು.

ಇಷ್ಟು ಭೇದವೇಕೆಂದು ಕೆಲವರು ಕೇಳಬಹುದು. ರೋಗದ ಹೆಸರು ತಿಳಿಯದೆ ಮದ್ದು ಕೊಡಲಾಗದಷ್ಟೆ. ಹೊಲಿಗೆ ಬಿಚ್ಚಿದುದಕ್ಕೆ ಸೂಜಿದಾರ ಬೇಕು. ರಟ್ಟು ಕಿತ್ತುದಕ್ಕೆ ಹುಳು ಹಿಡಿಯದಂತೆ ಮೈಲುತುತ್ತ ಬೆರಸಿದ ಅಂಟನ್ನು ಕಟ್ಟುವವರು ಬಳಸುತ್ತಿದ್ದರು. ಮುದುರಿದ ಮೂಲೆಗೆ ಒಂದು ರಾತ್ರಿ ಭಾರವಿಟ್ಟರಾಯಿತು. ಎಲ್ಲವನ್ನೂ 'ಹರಕು' ಎಂದುಬಿಟ್ಟರೆ ಎಲ್ಲವೂ ರದ್ದಿಯ ಪಾಲಾಗುವುದು.

ಮಡಿಸಿದ ಮೂಲೆಯ ವಿಷಯ ಮಾತ್ರ ಬೇರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳಿನಿಂದ ಮಾಡಿದ ಕಾಗದವೇ ಹೆಚ್ಚಾಗಿ ಬಳಕೆಗೆ ಬಂದಿತು. ಅದರಲ್ಲಿ ಬಹುಭಾಗವು ತನ್ನೊಳಗಿನ ಆಮ್ಲದಿಂದ ಕಾಲಕ್ರಮೇಣ ಹಳದಿಯಾಗಿ ಪೆಡಸಾಗುವುದು. ಗ್ರಂಥಾಲಯಗಳಲ್ಲಿ ಹಳೆಯ ಕಾಗದದ ಬಲವನ್ನರಿಯಲು ಹಾಳೆಯ ಮೂಲೆಯನ್ನೇ ಹಿಂದಕ್ಕೂ ಮುಂದಕ್ಕೂ ಮಡಿಸಿ, ಎಷ್ಟನೆಯ ಮಡಿಕೆಗೆ ಮುರಿಯುವುದೆಂದು ಎಣಿಸುವುದುಂಟು. ಗುರುತಿಗೆಂದು ಮೂಲೆ ಮಡಿಸುವ ಬಾಲಿಕೆಯು ತಿಳಿಯದೆಯೇ ಆ ಪರೀಕ್ಷೆಯನ್ನು ಆರಂಭಿಸುತ್ತಾಳೆ; ಅದರ ಫಲವನ್ನು ಕಾಣುವವಳು ಮುಂದೆ ಓದುವ ತಂಗಿ. ಒಂದು ದಾರದ ಎಳೆಯೋ ಕಾಗದದ ಪಟ್ಟಿಯೋ ಆ ಕೆಲಸಕ್ಕೆ ಸಾಲದೆ?

ಹಾಗೆಂದು ಪುಸ್ತಕವನ್ನು ಮುಟ್ಟದಿರುವುದೇ ಜೋಪಾನವೆಂದು ನಾವು ಹೇಳುವುದಿಲ್ಲ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಯಾವುದಾದರೊಂದು ಶಾಲೆಯ ಕಪಾಟಿನಲ್ಲಿ ಇಂದಿಗೂ ಮಾಸದೆ ಹೊಸತಾಗಿಯೇ ನಿಂತಿದ್ದರೆ, ಅದು ಆ ಶಾಲೆಗೆ ಭೂಷಣವೆ? ಸವೆತವು ಓದಿನ ಸಾಕ್ಷಿ. ಹರಕು ಅಲಕ್ಷ್ಯದ ಸಾಕ್ಷಿ. ಇವೆರಡನ್ನೂ ಒಂದೇ ಮಾತಿನಿಂದ ಕರೆಯುವುದು ಅನ್ಯಾಯ. ಆ ಅನ್ಯಾಯದ ಭಾರವನ್ನು ಹೊರುವವಳು ಹೊಸ ಪುಸ್ತಕ ಕೊಳ್ಳಲಾರದ ಬಡ ಬಾಲಿಕೆ.

ತಾಯಿತಂದೆಗಳಿಗೂ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ನಮ್ಮ ವಿಜ್ಞಾಪನೆಯಿಷ್ಟೆ. ಮನೆಯಲ್ಲಿರುವ ಸವೆದ ಪುಸ್ತಕಗಳನ್ನು ಹೊಲಿಸಿ, ರಟ್ಟು ಹಾಕಿಸಿ, ಕಿರಿಯರ ಕೈಗೆ ಕೊಡಿರಿ. ಕೊಡುವಾಗ 'ಹಳೆಯದು' ಎಂದು ಸಂಕೋಚಪಡದೆ, 'ನಾವು ಓದಿದುದು' ಎಂದು ಹೇಳಿರಿ.